ವಿಆರ್ ಕನ್ನಡಕ ಹಾಕಿದರೆ ಪಾಠ ತಲೆಗೆ ಹತ್ತುತ್ತದೆಯೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕನ್ನಡ ಮಾಧ್ಯಮ. ಹತ್ತನೇ ತರಗತಿಯಲ್ಲಿ 58 ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಶಾಲೆಗೆಂದು ಆರು ಲಕ್ಷ ರೂಪಾಯಿ ಕೂಡಿಸಿದ್ದಾರೆ. ಅದೇ ಹೊತ್ತಿಗೆ ಕಂಪನಿಯೊಂದರ ಏಜೆಂಟರು ಬಂದು, ಹತ್ತು ಹೆಡ್‌ಸೆಟ್‌ಗಳ ‘ವಿಆರ್ ಲ್ಯಾಬ್’ಗೆ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ನೊಳಗೆ ಸುತ್ತಲೂ ಕಾಣುವ ಕೃತಕ ಜಗತ್ತು) ಹೆಚ್ಚುಕಡಿಮೆ ಅಷ್ಟೇ ಮೊತ್ತದ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಮಕ್ಕಳು ಹೃದಯದ ಒಳಗೇ ಹೋಗಿ ಬರುತ್ತಾರೆ, ಒಮ್ಮೆ ನೋಡಿದ್ದನ್ನು ಮರೆಯುವುದಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶ ಏರುತ್ತದೆ ಎನ್ನುತ್ತಾರೆ. ನಮ್ಮ ಹೆಡ್ ಮಾಸ್ಟರಿಗೆ ಬಹಳ ಉತ್ಸಾಹ, ನನಗೇಕೋ ಅನುಮಾನ. ವಿಆರ್‌ನಿಂದ ಕಲಿಕೆ ನಿಜಕ್ಕೂ ಸುಧಾರಿಸುತ್ತದೆಯೇ? ಮಕ್ಕಳ ಕಣ್ಣಿಗೆ ತೊಂದರೆಯಾಗುವುದಿಲ್ಲವೇ?

ಉತ್ತರ: ಮೇಡಂ, ಏಜೆಂಟರ ಮೂರು ಮಾತುಗಳಲ್ಲಿ ಮೊದಲನೆಯದು ನಿಜ. ಮಕ್ಕಳಿಗೆ ಹೃದಯದ ಒಳಗೆ ಹೋಗಿ ಬಂದಂತೆಯೇ ಆಗುತ್ತದೆ. ಉಳಿದೆರಡು ಮಾತುಗಳು ಅದರ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತಿವೆ.

ನಾನು ಮೊದಲ ಸಲ ಹೆಡ್‌ಸೆಟ್ ಹಾಕಿಕೊಂಡದ್ದು ಶಿಕ್ಷಕರ ತರಬೇತಿಯೊಂದರಲ್ಲಿ. ಎತ್ತರದ ಕಟ್ಟಡದ ನೆತ್ತಿಯಿಂದ ಹೊರಚಾಚಿದ ಹಲಗೆಯ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು, ಅಷ್ಟೇ ಆಟ. ಕಾಲಡಿ ಇರುವುದು ಸಭಾಂಗಣದ ನೆಲ ಎಂದು ಗೊತ್ತು. ಸುತ್ತಲಿನವರ ನಗು ಕಿವಿಗೆ ಬೀಳುತ್ತಿದೆ. ಆದರೂ ಕಾಲು ಏಳಲಿಲ್ಲ. ಪಕ್ಕದ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆನಂತೆ, ಆಮೇಲೆ ಹೇಳಿ ನಕ್ಕರು. ಒಂದೊಂದು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ಬೀಳುತ್ತದೆ. ತಲೆ ತಿರುಗಿಸಿದರೆ ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ ಚಿತ್ರವೂ ತಿರುಗುತ್ತದೆ. ಇಷ್ಟು ಸಾಕು, ಮಿದುಳು ‘ನಾನು ಇಲ್ಲೇ ಇದ್ದೇನೆ’ ಎಂದು ಒಪ್ಪಿಬಿಡುತ್ತದೆ. ಸಂಶೋಧಕರು ಇದನ್ನು ‘ಪ್ರೆಸೆನ್ಸ್’ ಎನ್ನುತ್ತಾರೆ, ಅಂದರೆ ಅಲ್ಲೇ ಇದ್ದಂತಾಗುವುದು. ಇದು ಬೇರೆ, ಪಾಠ ಅರ್ಥವಾಗುವುದು ಬೇರೆ. ಮದುವೆ ಮನೆಯಲ್ಲಿ ಮೂರು ದಿನ ಇದ್ದವರೆಲ್ಲ ಹೋಳಿಗೆ ಮಾಡುವುದನ್ನು ಕಲಿತು ಬರುತ್ತಾರೆಯೇ?

ಇದು ಬರೀ ನನ್ನ ಅನಿಸಿಕೆಯಲ್ಲ. ಡೆನ್ಮಾರ್ಕಿನ ಗೀಡೊ ಮಕ್ರಾನ್ಸ್ಕಿ ಮತ್ತು ಜೊತೆಗಾರರು ಒಂದೇ ಜೀವಶಾಸ್ತ್ರ ಪ್ರಯೋಗಾಲಯದ ಸಿಮ್ಯುಲೇಶನ್ನನ್ನು (ಕಂಪ್ಯೂಟರಿನಲ್ಲಿ ಮಾಡುವ ಅಣಕು ಪ್ರಯೋಗವನ್ನು) 52 ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಬಗೆಯಲ್ಲಿ ತೋರಿಸಿದರು, ಒಮ್ಮೆ ಸಾಧಾರಣ ಕಂಪ್ಯೂಟರ್ ಪರದೆಯಲ್ಲಿ, ಒಮ್ಮೆ ಹೆಡ್‌ಸೆಟ್‌ನಲ್ಲಿ. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನೂ ದಾಖಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೆಡ್‌ಸೆಟ್ ಹಾಕಿದಾಗ ‘ಅಲ್ಲೇ ಇದ್ದಂತಾಯಿತು’ ಎಂದವರು ಹೆಚ್ಚು, ಆದರೆ ಕಲಿತದ್ದು ಕಡಿಮೆ. ಮಿದುಳಿನ ಮೇಲಿನ ಹೊರೆಯೂ ಹೆಡ್‌ಸೆಟ್‌ನಲ್ಲೇ ಜಾಸ್ತಿ. ಅದಕ್ಕೂ ಮುಂಚೆ, 2018ರಲ್ಲಿ, ಕ್ಯಾಲಿಫೋರ್ನಿಯಾದ ಜೋಸೆಲಿನ್ ಪರೋಂಗ್ ಮತ್ತು ರಿಚರ್ಡ್ ಮೇಯರ್ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಪ್ರಯೋಗವೊಂದನ್ನು ಪ್ರಕಟಿಸಿದ್ದರು. ಒಂದು ಗುಂಪು ವಿಆರ್‌ನಲ್ಲಿ ರಕ್ತನಾಳದ ಒಳಗೆ ತೇಲಿಕೊಂಡು ಹೋಯಿತು. ಇನ್ನೊಂದು ಗುಂಪು ಅದೇ ಪಾಠವನ್ನು ಸ್ಲೈಡುಗಳಲ್ಲಿ ನೋಡಿತು. ಖುಷಿ, ಆಸಕ್ತಿ ಎಲ್ಲ ವಿಆರ್ ಗುಂಪಿನ ಪಾಲು. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದದ್ದು ಸ್ಲೈಡು ನೋಡಿದವರಿಗೆ.

ಹೀಗೇಕೆ ಎಂದು ಯಾರಾದರೂ ಕೇಳಿದರೆ ನಾನು ನಿಮ್ಮಂಥವರ ತರಗತಿಯನ್ನೇ ತೋರಿಸುತ್ತೇನೆ. ನೀವು ಬೋರ್ಡಿನ ಮೇಲೆ ಹೃದಯ ಬರೆಯುವಾಗ ಮೊದಲು ನಾಲ್ಕು ಕೋಣೆ ಎಳೆಯುತ್ತೀರಿ, ಆಮೇಲೆ ಕವಾಟ, ಆಮೇಲೆ ನೀಲಿ ಚಾಕ್‌ಪೀಸಿನಲ್ಲಿ ಮಲಿನ ರಕ್ತದ ಬಾಣ, ಕೆಂಪಿನಲ್ಲಿ ಶುದ್ಧ ರಕ್ತದ ಬಾಣ. ನಡುವೆ ನಿಲ್ಲಿಸಿ ಹಿಂದಿನ ಬೆಂಚಿನ ಕಡೆ ನೋಡುತ್ತೀರಿ. ಯಾರೋ ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಹೇಳುತ್ತೀರಿ. ಮಗು ನೋಡುತ್ತದೆ, ಬರೆದುಕೊಳ್ಳುತ್ತದೆ, ಅಳಿಸುತ್ತದೆ. ಹೆಡ್‌ಸೆಟ್‌ನೊಳಗೆ ಇದು ಯಾವುದೂ ಇಲ್ಲ. ಸುತ್ತ 360 ಡಿಗ್ರಿಯಲ್ಲೂ ಏನೋ ಮಿಡಿಯುತ್ತಿದೆ, ತೇಲುತ್ತಿದೆ. ಕೆಂಪು ರಕ್ತಕಣಗಳು ಮೈಮೇಲೆ ಬಂದಂತಾಗುತ್ತದೆ. ಮುಖ್ಯವಾದ ಕವಾಟ ತೆರೆದು ಮುಚ್ಚುವ ಹೊತ್ತಿಗೆ ಹುಡುಗ ಹಿಂದೆ ತಿರುಗಿ ಇನ್ನೇನನ್ನೋ ನೋಡುತ್ತಿರುತ್ತಾನೆ. ನೋಟ್‌ಬುಕ್ ತೆರೆಯುವಂತಿಲ್ಲ. ಅರ್ಥವಾಗದ್ದಕ್ಕೆ ಕೈ ಎತ್ತಿದರೆ ನೋಡುವವರಿಲ್ಲ.

ಇನ್ನೊಂದು ಸೂಕ್ಷ್ಮವನ್ನು ವಿಜ್ಞಾನ ಶಿಕ್ಷಕಿಯಾದ ನಿಮಗೆ ಹೇಳಲೇಬೇಕು. ಪಠ್ಯಪುಸ್ತಕದ ಚಿತ್ರದಲ್ಲಿ ಎಡ ಹೃತ್ಕುಕ್ಷಿ ನಮ್ಮ ಬಲಗೈ ಕಡೆ ಇರುತ್ತದೆ. ಎದುರಿಗೆ ನಿಂತ ಮನುಷ್ಯನ ಹೃದಯ ಅದು. ಈ ಎಡ-ಬಲದ ಗೊಂದಲವನ್ನು ಬಿಡಿಸುವುದಕ್ಕೇ ನಮಗೆ ಅರ್ಧ ಪೀರಿಯಡ್ ಹೋಗುತ್ತದೆ. ವಿಆರ್ ಹೃದಯದೊಳಗೆ ಮಗು ಒಮ್ಮೆ ಹಿಂದಕ್ಕೆ ತಿರುಗಿ ನಿಂತರೆ ಎಡ ಬಲವಾಗಿ, ಬಲ ಎಡವಾಗಿ ಹೋಯಿತು. ಹೊರಬಂದ ಮಗು ಪರೀಕ್ಷೆಯ ಹಾಳೆಯಲ್ಲಿ ಬರೆಯಬೇಕಾದದ್ದು ಮಾತ್ರ ಅದೇ ಎದುರಿನ ನೋಟದ ಚಿತ್ರ. ಒಳಗಿನ ಅನುಭವದಿಂದ ಹಾಳೆಯ ಮೇಲಿನ ಚಿತ್ರಕ್ಕೆ ಬರುವ ದಾರಿಯನ್ನು ಯಾರಾದರೂ ಕೈಹಿಡಿದು ನಡೆಸದಿದ್ದರೆ ಒಳಗೆ ಹೋಗಿ ಬಂದದ್ದು ಜಾತ್ರೆಗೆ ಹೋಗಿ ಬಂದಂತೆ.

ಹಾಗಾದರೆ ವಿಆರ್ ದಂಡ ಎನ್ನುತ್ತೇನೆಯೇ? ಇಲ್ಲ. ಅದೇ ಪರೋಂಗ್ ಮತ್ತು ಮೇಯರ್ ಪ್ರಯೋಗದ ಎರಡನೇ ಭಾಗವನ್ನು ಯಾವ ಏಜೆಂಟರ ಬಾಯಲ್ಲೂ ನಾನು ಕೇಳಿಲ್ಲ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದೇ ವಿಆರ್ ಪಾಠವನ್ನು ತುಂಡು ತುಂಡಾಗಿ ನಿಲ್ಲಿಸಿ, ಒಂದೊಂದು ತುಂಡು ಮುಗಿದಾಗಲೂ ‘ಈಗ ನೋಡಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಬರೆಸಿದರು. ಹಾಗೆ ಬರೆದವರು, ನಿಲ್ಲಿಸದೆ ನೋಡಿದವರಿಗಿಂತ ಚೆನ್ನಾಗಿ ಕಲಿತರು. ಅಂದರೆ ಕಲಿಕೆ ನಡೆದದ್ದು ಹೆಡ್‌ಸೆಟ್ ಹಾಕಿದ್ದಾಗಲ್ಲ, ತೆಗೆದಿಟ್ಟಾಗ. ಅಮೆರಿಕದ ಶಿಕ್ಷಣತಜ್ಞ ರಿಚರ್ಡ್ ಕ್ಲಾರ್ಕ್ 1983ರಲ್ಲೇ ಹೇಳಿದ್ದರು, ಪಾಠ ಹೊತ್ತು ತರುವ ಸಾಧನ ದಿನಸಿ ತರುವ ಲಾರಿಯಂತೆ, ಲಾರಿ ಬದಲಿಸಿದ ಮಾತ್ರಕ್ಕೆ ಉಂಡವರ ಪುಷ್ಟಿ ಹೆಚ್ಚುವುದಿಲ್ಲ ಎಂದು. ನಾನು ಅವರಷ್ಟು ಕಟ್ಟುನಿಟ್ಟಿನವನಲ್ಲ. ಕೆಲವು ಸರಕು ಕೆಲವು ಲಾರಿಯಲ್ಲೇ ಬರಬೇಕಾಗುತ್ತದೆ.

ಅಂಥ ಸರಕು ಯಾವುದು? ಕೈಗೆ ಅಭ್ಯಾಸವಾಗಬೇಕಾದದ್ದು, ತಪ್ಪಿದರೆ ಜೀವಕ್ಕೆ ಕುತ್ತಾಗುವಂಥದ್ದು. ವಿಮಾನ ಹಾರಿಸುವವರಿಗೆ ನೆಲದ ಮೇಲೇ ತರಬೇತಿ ಕೊಡುವ ಯಂತ್ರವನ್ನು ಎಡ್ವಿನ್ ಲಿಂಕ್ 1929ರಲ್ಲೇ ಕಟ್ಟಿದ್ದ. ವಿಆರ್‌ನ ಮುತ್ತಜ್ಜ ಎಂದರೆ ಅದೇ. ವೈದ್ಯಕೀಯದಲ್ಲಿ 2002ರ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ಪ್ರಸಿದ್ಧವಾದದ್ದು. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ವೈದ್ಯರಲ್ಲಿ ಅರ್ಧ ಜನಕ್ಕೆ ವಿಆರ್ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿಸಿ, ಆಮೇಲೆ ಎಲ್ಲರಿಂದಲೂ ಪಿತ್ತಕೋಶದ ನಿಜವಾದ ಶಸ್ತ್ರಚಿಕಿತ್ಸೆ ಮಾಡಿಸಿದರು. ಅಭ್ಯಾಸ ಮಾಡಿದವರು ಶೇಕಡಾ 29ರಷ್ಟು ಬೇಗ ಮುಗಿಸಿದರು. ಪಿತ್ತಕೋಶಕ್ಕೆ ಗಾಯ ಮಾಡುವುದು, ಪಕ್ಕದ ಅಂಗಾಂಶ ಸುಡುವುದು ಮುಂತಾದ ತಪ್ಪು ಅಭ್ಯಾಸವಿಲ್ಲದವರಿಂದ ಐದು ಪಟ್ಟು ಹೆಚ್ಚಾಗಿತ್ತು. ಗಮನಿಸಿ, ಅಲ್ಲಿ ಅವರು ಸುಮ್ಮನೆ ಸುತ್ತಾಡಲಿಲ್ಲ. ಒಂದೇ ಕೆಲಸವನ್ನು ಕೈ ಪಳಗುವವರೆಗೆ ಮತ್ತೆ ಮತ್ತೆ ಮಾಡಿದರು. ಸ್ಟ್ಯಾನ್‌ಫರ್ಡ್‌ನಲ್ಲಿ 2003ರಿಂದ ವಿಆರ್ ಪ್ರಯೋಗಾಲಯ ನಡೆಸುತ್ತಿರುವ ಜೆರೆಮಿ ಬೈಲೆನ್ಸನ್, ನಿಜದಲ್ಲಿ ಮಾಡಲು ಅಪಾಯವಾದದ್ದು, ಅಸಾಧ್ಯವಾದದ್ದು, ಮಾಡಿದರೆ ಕೆಡುಕಾಗುವಂಥದ್ದು, ತೀರಾ ದುಬಾರಿಯಾದದ್ದು, ಇವಕ್ಕೆ ಮಾತ್ರ ವಿಆರ್ ಬಳಸಿ ಎನ್ನುತ್ತಾರೆ. ಈ ಜರಡಿಯಲ್ಲಿ ಏಜೆಂಟರ ಪಾಠಗಳ ಪಟ್ಟಿಯನ್ನು ಒಮ್ಮೆ ಸೋಸಿ ನೋಡಿ. ಎಷ್ಟು ಉಳಿಯುತ್ತದೆ ಗೊತ್ತಾಗುತ್ತದೆ.

ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ತೂಗಿದರೆ ಏನು ಸಿಗುತ್ತದೆ? ಚೀನಾದ ಸಂಶೋಧಕರು 2020ರಲ್ಲಿ ಹೆಡ್‌ಸೆಟ್ ಬಳಸಿದ ಹಲವು ಪ್ರಯೋಗಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ ವಿಆರ್ ಪರವಾಗಿ 0.24ರ ಸಣ್ಣ ಪರಿಣಾಮ ಕಂಡಿತು. ಇದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಂಕ ಕಡಿಮೆಯಿಂದ ಹೆಚ್ಚಿಗೆ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ 50ನೇ ಜಾಗದ ಮಗು 59-60ನೇ ಜಾಗಕ್ಕೆ ಸರಿಯಬಹುದು. ಇಲ್ಲವೆನ್ನುವಷ್ಟು ಕಡಿಮೆಯಲ್ಲ. ಆದರೆ ಇದು ಸರಾಸರಿ. ಹೆಡ್‌ಸೆಟ್ ಹೊಸದಾಗಿದ್ದಾಗಿನ ಸಂಭ್ರಮವೂ ಇಂಥ ಲೆಕ್ಕಗಳಲ್ಲಿ ಸೇರಿಕೊಂಡಿರುತ್ತದೆ. ಎರಡನೇ ವರ್ಷ ಅದೇ ಹೃದಯದೊಳಗೆ ಹೋಗುವಾಗ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ.

‘ಒಮ್ಮೆ ನೋಡಿದ್ದನ್ನು ಮರೆಯುವುದಿಲ್ಲ’ ಎಂಬ ಮಾತಿಗೆ ಒಂದು ವಿಚಿತ್ರ ಉತ್ತರವಿದೆ. ಬೈಲೆನ್ಸನ್ ಅವರ ಪ್ರಯೋಗಾಲಯದಲ್ಲೇ 2009ರಲ್ಲಿ ಚಿಕ್ಕ ಮಕ್ಕಳಿಗೆ, ಅವರೇ ತಿಮಿಂಗಿಲಗಳ ಜೊತೆ ಈಜುತ್ತಿರುವಂಥ ವಿಆರ್ ದೃಶ್ಯ ತೋರಿಸಿದರು. ಕೆಲವು ದಿನ ಬಿಟ್ಟು ಕೇಳಿದರೆ ಪ್ರಾಥಮಿಕ ಶಾಲೆಯ ವಯಸ್ಸಿನ ಎಷ್ಟೋ ಮಕ್ಕಳು ‘ಹೌದು, ನಿಜವಾಗಿ ಈಜಿದ್ದೆ’ ಎಂದವು. ನೆನಪೇನೋ ಗಟ್ಟಿಯಾಗಿಯೇ ಉಳಿಯಿತು, ಆದರೆ ಉಳಿದದ್ದು ನಡೆಯದೇ ಇದ್ದ ಸಂಗತಿ. ನಿಮ್ಮ ಹತ್ತನೇ ತರಗತಿಯವರಿಗೆ ಈ ಭಯವಿಲ್ಲ. ನಾಳೆ ಪಕ್ಕದ ಪ್ರಾಥಮಿಕ ಶಾಲೆಯವರು ಹೆಡ್‌ಸೆಟ್ ಕಡ ಕೇಳಿದರೆ ಮಾತ್ರ ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಪಠ್ಯಕ್ಕೇ ಬರೋಣ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಹಾಳೆಯ ಮೇಲೆ ಹೇಳಲಾಗದ, ಮೂರು ಆಯಾಮದಲ್ಲೇ ಅರ್ಥವಾಗಬೇಕಾದ ಜಾಗಗಳು ಕೆಲವೇ. ಕಾರ್ಬನ್ ಪಾಠದ ಮೀಥೇನ್ ತೆಗೆದುಕೊಳ್ಳಿ. ಪುಸ್ತಕದಲ್ಲಿ ಅದು ಸಂಕಲನದ ಚಿಹ್ನೆಯಂತೆ ಚಪ್ಪಟೆ. ನಿಜದಲ್ಲಿ ನಾಲ್ಕು ಹೈಡ್ರೋಜನ್‌ಗಳೂ ನಾಲ್ಕು ಮೂಲೆಗೆ ಚಾಚಿ ನಿಂತ ಆಕಾರ. ವಿಆರ್ ಇದನ್ನು ಚೆಂದ ತೋರಿಸುತ್ತದೆ. ಆದರೆ ಸೈಕಲ್ ವಾಲ್ವ್ ಟ್ಯೂಬಿನ ತುಂಡು ಮತ್ತು ಬೆಂಕಿಕಡ್ಡಿ ಸೇರಿಸಿ ಇಂಥ ಆಕಾರಗಳನ್ನು ಮಾಡುವುದನ್ನು ಪುಣೆಯ ಅರವಿಂದ ಗುಪ್ತಾ ಎಷ್ಟೋ ದಶಕಗಳಿಂದ ದೇಶಕ್ಕೆಲ್ಲ ಹೇಳಿಕೊಟ್ಟಿದ್ದಾರೆ. ಖರ್ಚು ಹತ್ತಿಪ್ಪತ್ತು ರೂಪಾಯಿ, 58 ಮಕ್ಕಳ ಕೈಗೂ ಸಿಗುತ್ತದೆ. ಇಲ್ಲಿ ನಾನು ಕಣ್ಣು ಮುಚ್ಚಿಕೊಂಡು ಬೆಂಕಿಕಡ್ಡಿಗೇ ಮತ ಹಾಕುತ್ತೇನೆ. ಸೊಲೆನಾಯ್ಡ್, ಅಂದರೆ ವಿದ್ಯುತ್ ಹರಿಯುವ ತಂತಿಯ ಸುರುಳಿಯ ಸುತ್ತಲಿನ ಕಾಂತಕ್ಷೇತ್ರ ಮಾತ್ರ ಬೇರೆ ಮಾತು. ಕಬ್ಬಿಣದ ಪುಡಿ ಉದುರಿಸಿದರೆ ರಟ್ಟಿನ ಮೇಲೆ ಒಂದು ಸಮತಲದ ಗೆರೆಗಳಷ್ಟೇ ಕಾಣುತ್ತವೆ. ಕ್ಷೇತ್ರ ಸುತ್ತಲೂ, ಮೇಲೂ ಕೆಳಗೂ ಇದೆ ಎಂಬುದು ಎಷ್ಟೋ ಮಕ್ಕಳಿಗೆ ಪಿಯುಸಿಗೆ ಹೋದರೂ ಹೊಳೆಯುವುದಿಲ್ಲ. ಅಲ್ಲಿ ನಾಲ್ಕು ನಿಮಿಷದ ವಿಆರ್ ಕೆಲಸಕ್ಕೆ ಬರುತ್ತದೆ, ಪುಡಿಯ ಪ್ರಯೋಗ ಮಾಡಿದ ಮೇಲೆ, ಅದರ ಬದಲಿಗಲ್ಲ. ಇನ್ನು ಆಮ್ಲ-ಪ್ರತ್ಯಾಮ್ಲದ ಪಾಠವನ್ನು ವಿಆರ್‌ನಲ್ಲಿ ಮಾಡಿಸುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ನಿಂಬೆರಸಕ್ಕೆ ಲಿಟ್ಮಸ್ ಕಾಗದ ಅದ್ದಲು, ಅರಿಸಿನದ ಕಲೆ ಸೋಪು ತಾಗಿ ಕೆಂಪಾಗುವುದನ್ನು ನೋಡಲು ಆರು ಲಕ್ಷ ಬೇಕೇ?

ಹೆಡ್ ಮಾಸ್ಟರ ಮುಂದೆ ನೀವು ಇಡಬೇಕಾದ ಲೆಕ್ಕ ಇನ್ನೊಂದಿದೆ. ಹತ್ತು ಹೆಡ್‌ಸೆಟ್, 58 ಮಕ್ಕಳು, ಅಂದರೆ ಆರು ತಂಡ. ಹಾಕಿ, ಪಟ್ಟಿ ಬಿಗಿದು, ‘ಟೀಚರ್, ಏನೂ ಕಾಣ್ತಿಲ್ಲ’ ಎಂದವರದ್ದನ್ನು ಸರಿಮಾಡಲು ಮೂರು ನಿಮಿಷ. ನೋಡಲು ಆರು. ತೆಗೆದು ಒರೆಸಿ ಮುಂದಿನವರಿಗೆ ಕೊಡಲು ಎರಡು. ತಂಡಕ್ಕೆ 11 ನಿಮಿಷದಂತೆ ಆರು ತಂಡಕ್ಕೆ 66 ನಿಮಿಷ. ನಿಮ್ಮ ಪೀರಿಯಡ್ ನಲವತ್ತು. ಹತ್ತು ಮಕ್ಕಳು ಹೃದಯದೊಳಗಿರುವಾಗ ಹೊರಗಿರುವ 48 ಮಕ್ಕಳು ಏನು ಮಾಡುತ್ತಿರುತ್ತಾರೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಟರಿ ಹೆಚ್ಚಿನವುಗಳಲ್ಲಿ ಎರಡು-ಎರಡೂವರೆ ಗಂಟೆಗಿಂತ ಬರುವುದಿಲ್ಲ. ಬೆಳಿಗ್ಗೆ ಕರೆಂಟ್ ಹೋದ ದಿನ ಪಾಠವೂ ಹೋಯಿತು. ಒಂದು ಗುಮ್ಮಟದ ಕೆಳಗೆ ಎಲ್ಲರೂ ಒಟ್ಟಿಗೆ ತಲೆಯೆತ್ತಿ ನೋಡುವ ಅನುಭವವೇ ಬೇಕಿದ್ದರೆ ಮಂಗಳೂರಿನ ಪಿಲಿಕುಳದ ತಾರಾಲಯವಿದೆ, ಬೆಂಗಳೂರಿನ ನೆಹರು ತಾರಾಲಯವಿದೆ. ಅಲ್ಲಿ ಪಕ್ಕದವನ ತೋಳು ತಿವಿದು ‘ಅದು ನೋಡೋ’ ಎನ್ನಬಹುದು. ಹೆಡ್‌ಸೆಟ್‌ನಲ್ಲಿ ಪ್ರತಿ ಮಗುವೂ ಒಂಟಿ.

ಭಾಷೆಯ ಪ್ರಶ್ನೆಯನ್ನು ನೀವು ಎತ್ತಿಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ನಾನು ನೋಡಿದ ವಿಆರ್ ಪಾಠಗಳ ವಿವರಣೆ ಬಹುಪಾಲು ಇಂಗ್ಲಿಷಿನಲ್ಲಿ. ಮೊದಲೇ ಮಿದುಳಿನ ಮೇಲೆ ಹೊರೆ ಹೆಚ್ಚು ಎಂದೆನಲ್ಲ, ಅದರ ಮೇಲೆ ಪರಭಾಷೆಯನ್ನೂ ಹೊರಿಸಿದರೆ ಕನ್ನಡ ಮಾಧ್ಯಮದ ಮಗುವಿಗೆ ಉಳಿಯುವುದು ಬಣ್ಣ ಮತ್ತು ಸದ್ದು ಮಾತ್ರ. ‘ಕನ್ನಡದಲ್ಲೂ ಇದೆ’ ಎಂದರೆ ಹಾಕಿಸಿ ಕೇಳಿ. ಪಠ್ಯಪುಸ್ತಕದ ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಅದರಲ್ಲಿ ಇವೆಯೇ, ಅಥವಾ ಯಂತ್ರದ ಧ್ವನಿಯೊಂದು ತನಗೆ ತೋಚಿದ ಪದ ಬಳಸುತ್ತಿದೆಯೇ? ಮಗು ಒಂದು ಹೆಸರು ಕೇಳಿ ಇನ್ನೊಂದು ಹೆಸರು ಬರೆಯಬೇಕಾದರೆ ನಷ್ಟ ಅಂಕಪಟ್ಟಿಯಲ್ಲೇ ಕಾಣುತ್ತದೆ.

ಕಣ್ಣಿನ ವಿಷಯ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದಿದವರಿಗೆ ಹೊಟ್ಟೆ ತೊಳಸುವುದು ಗೊತ್ತು. ಒಳಗಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಪುಸ್ತಕದ ಮೇಲಿನ ಕಣ್ಣು ‘ಇಲ್ಲೇ ಇದ್ದೇವೆ’ ಎನ್ನುತ್ತದೆ. ವಿಆರ್‌ನಲ್ಲಿ ಅದು ತಿರುಗುಮುರುಗು. ಕಣ್ಣು ‘ಹಾರುತ್ತಿದ್ದೇವೆ’ ಎನ್ನುತ್ತದೆ, ಕಿವಿ ‘ಕುರ್ಚಿಯಲ್ಲಿದ್ದೇವೆ’ ಎನ್ನುತ್ತದೆ. ಪರಿಣಾಮ ಅದೇ: ತಲೆ ಸುತ್ತು, ವಾಕರಿಕೆ. ಆದ್ದರಿಂದ ಮಗು ಕುಳಿತಿರಬೇಕು, ದೃಶ್ಯ ತಾನಾಗಿ ಓಡುವಂಥದ್ದಾಗಿರಬಾರದು, ಆರೇಳು ನಿಮಿಷಕ್ಕಿಂತ ಹೆಚ್ಚು ಬೇಡ. ಬೇಡವೆಂದ ಮಗುವನ್ನು ಒತ್ತಾಯಿಸಬೇಡಿ. ಎರಡನೆಯದು, ಹೆಡ್‌ಸೆಟ್‌ನ ಮಸೂರ ಚಿತ್ರವನ್ನು ಸುಮಾರು ಒಂದರಿಂದ ಎರಡು ಮೀಟರ್ ದೂರದ ಒಂದೇ ಜಾಗದಲ್ಲಿ ನಿಲ್ಲಿಸಿರುತ್ತದೆ. ವಸ್ತು ಮೂಗಿನ ಹತ್ತಿರ ಬಂದಂತೆ ಕಂಡಾಗ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುತ್ತವೆ, ಫೋಕಸ್ ಮಾತ್ರ ಆ ದೂರದಲ್ಲೇ ಉಳಿಯಬೇಕು. ಈ ಎಳೆದಾಟದಿಂದ ಕಣ್ಣು ದಣಿಯುತ್ತದೆ, ತಲೆನೋವು ಬರುತ್ತದೆ. ಮೂರನೆಯದು, ಎರಡು ಕಣ್ಣಿನ ನಡುವಿನ ಅಂತರ. ದೊಡ್ಡವರಿಗೆ ಸರಾಸರಿ 63 ಮಿಲಿಮೀಟರ್ ಆಸುಪಾಸು, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಈ ಅಂತರ ಹೊಂದಿಸಲು ಬಾರದ ಹೆಡ್‌ಸೆಟ್ ಶಾಲೆಗೆ ಬೇಡವೇ ಬೇಡ. ಮೆಟಾ ಕಂಪನಿ ಬಹುಕಾಲ ತನ್ನ ಹೆಡ್‌ಸೆಟ್‌ಗಳಿಗೆ 13 ವರ್ಷದ ಮಿತಿ ಇಟ್ಟಿತ್ತು. 2023ರಲ್ಲಿ, ತಂದೆತಾಯಿಯ ನಿಯಂತ್ರಣದ ಖಾತೆಯಿದ್ದರೆ 10 ವರ್ಷಕ್ಕೆ ಇಳಿಸಿತು. ಹತ್ತನೇ ತರಗತಿಯವರು ಎರಡೂ ಮಿತಿಯನ್ನು ದಾಟಿದವರು. ಮೂರ್ಛೆರೋಗ ಇರುವ ಮಕ್ಕಳಿಗೆ, ಮೆಳ್ಳೆಗಣ್ಣಿನ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಹಾಕಬೇಡಿ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ವಸ್ತು ಇದು. 2023ರ ಮಳೆಗಾಲದಲ್ಲಿ ಮದ್ರಾಸ್ ಐ ಊರೂರಿಗೆ ಹಬ್ಬಿದ್ದು ನಿಮಗೂ ನೆನಪಿರಬೇಕು. (ಹೇನಿನ ವಿಷಯ ನಾನು ಎತ್ತುವುದಿಲ್ಲ, ನೀವೇ ಎತ್ತುತ್ತೀರಿ.)

ಕೊಟೇಶನ್‌ಗೆ ಸಹಿ ಹಾಕುವ ಮೊದಲು ಒಂದು ಹಳೆಯ ಕತೆ ಕೇಳಿ. ಗೂಗಲ್ 2014ರಲ್ಲಿ ರಟ್ಟಿನ ವಿಆರ್ ಪೆಟ್ಟಿಗೆ ತಂದಿತು. ಅದರೊಳಗೆ ಫೋನ್ ಇಟ್ಟರೆ ಆಯಿತು. ಮರುವರ್ಷ ಶಾಲೆಗಳಿಗೆಂದೇ ‘ಎಕ್ಸ್‌ಪೆಡಿಶನ್ಸ್’ ಎಂಬ ಸೌಲಭ್ಯ ಬಂತು, ಶಿಕ್ಷಕರು ಇಡೀ ತರಗತಿಯನ್ನು ಹವಳದ ದಿಬ್ಬಕ್ಕೋ ಮಂಗಳಗ್ರಹಕ್ಕೋ ಕರೆದೊಯ್ಯಬಹುದಿತ್ತು. ನಿಜಕ್ಕೂ ಒಳ್ಳೆಯದಿತ್ತು. 2021ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಅಷ್ಟು ದೊಡ್ಡ ಕಂಪನಿಯದೇ ಈ ಗತಿಯಾದರೆ, ವರ್ಷ ವರ್ಷ ‘ಕಂಟೆಂಟ್ ಲೈಸೆನ್ಸ್’ ನವೀಕರಿಸಬೇಕೆನ್ನುವ ನಿಮ್ಮ ಏಜೆಂಟರನ್ನು ಕೇಳಿ: ಎರಡನೇ ವರ್ಷದ ದುಡ್ಡು ಎಷ್ಟು, ಕೊಡದಿದ್ದರೆ ಪಾಠಗಳು ತೆರೆಯುತ್ತವೆಯೇ, ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ. ಉತ್ತರವನ್ನು ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಪಡೆಯಿರಿ.

ಹೆಸರಿನ ಗೊಂದಲ ಒಂದಿದೆ. ಕೇಂದ್ರ ಶಿಕ್ಷಣ ಸಚಿವಾಲಯದ ‘ವರ್ಚುವಲ್ ಲ್ಯಾಬ್ಸ್’ ಎಂಬುದು ಈ ವಿಆರ್ ಅಲ್ಲ, ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಪ್ರಯೋಗಗಳು. ಸುರತ್ಕಲ್‌ನ ಎನ್‌ಐಟಿಕೆ ಕೂಡ ಅದರಲ್ಲಿ ಪಾಲುದಾರ. ಪೂರ್ತಿ ಉಚಿತ, ಹೆಚ್ಚಿನವು ಎಂಜಿನಿಯರಿಂಗ್ ಮಟ್ಟದವು. ನಿಮಗೆ ಸರಿಹೊಂದುವುದು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊದಲ್ಲಿ ಶುರು ಮಾಡಿದ ಫೆಟ್ ಸಿಮ್ಯುಲೇಶನ್‌ಗಳು. ಹಲವು ಕನ್ನಡದಲ್ಲೇ ಇವೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಕೂಡ ಬೇಡ. ಒಂದು ಪ್ರೊಜೆಕ್ಟರ್ ಇದ್ದರೆ ವಿದ್ಯುತ್ ಮಂಡಲವನ್ನು 58 ಮಕ್ಕಳೂ ಒಟ್ಟಿಗೆ ಜೋಡಿಸಬಹುದು. ‘ರೋಧ ಹೆಚ್ಚಿಸಿದರೆ ಬಲ್ಬ್ ಏನಾಗುತ್ತೆ?’ ಎಂದು ಕೇಳಿ, ಉತ್ತರ ಹೇಳಿಸಿ, ಆಮೇಲೆ ಮಾಡಿ ತೋರಿಸಬಹುದು.

ನನ್ನ ಕೈಯಲ್ಲಿ ಆ ಆರು ಲಕ್ಷ ಇದ್ದಿದ್ದರೆ? ಮೊದಲು ನಿಮ್ಮ ಪ್ರಯೋಗಾಲಯದ ಬೀರು ತೆಗೆದು ನೋಡುತ್ತಿದ್ದೆ. ಸೂಕ್ಷ್ಮದರ್ಶಕ ಎಷ್ಟಿವೆ, ಅವುಗಳಲ್ಲಿ ಕಾಣುವುದು ಎಷ್ಟರಲ್ಲಿ, ಅಮ್ಮೀಟರಿನ ಮುಳ್ಳು ಅಲುಗಾಡುತ್ತದೆಯೇ. ಅದು ಸರಿಹೋದ ಮೇಲೆ ಪ್ರೊಜೆಕ್ಟರ್, ಯುಪಿಎಸ್, ನಾಲ್ಕೈದು ಲ್ಯಾಪ್‌ಟಾಪ್. ಉಳಿದರೆ ಎರಡು ಹೆಡ್‌ಸೆಟ್, ಹತ್ತಲ್ಲ. ಎರಡರಲ್ಲಿ ಒಂದು ಮಗು ಒಳಗೆ ನೋಡುತ್ತ ಹೇಳುತ್ತದೆ, ಅದು ನೋಡುತ್ತಿರುವುದೇ ಗೋಡೆಯ ಮೇಲೂ ಬೀಳುವಂತೆ ಮಾಡಬಹುದು, ಉಳಿದವರು ‘ಎಡಕ್ಕೆ ತಿರುಗು, ಆ ಕವಾಟ ತೋರಿಸು’ ಎಂದು ದಾರಿ ಹೇಳುತ್ತಾರೆ. ಆಗ ಒಳಗಿದ್ದವನೂ ಮಾತಾಡಬೇಕು, ಹೊರಗಿದ್ದವರೂ ಯೋಚಿಸಬೇಕು.

ಇಷ್ಟಾದರೂ ಹೆಡ್ ಮಾಸ್ಟರರು ಹತ್ತೇ ಬೇಕೆಂದರೆ ವಾದ ಮಾಡಬೇಡಿ. ಏಜೆಂಟರನ್ನು ಡೆಮೊಗೆ ಕರೆಸಿ. ಹೃದಯದ ಪಾಠ ಇನ್ನೂ ಆಗಿರದ ಒಂಬತ್ತನೇ ತರಗತಿಯಿಂದ ಹೆಚ್ಚುಕಡಿಮೆ ಸಮನಾಗಿ ಓದುವ 20 ಮಕ್ಕಳನ್ನು ಆರಿಸಿ, ಚೀಟಿ ಎತ್ತಿ ಎರಡು ಗುಂಪು ಮಾಡಿ. ಹತ್ತು ಮಕ್ಕಳಿಗೆ ಅವರು ವಿಆರ್ ತೋರಿಸಲಿ. ಇನ್ನು ಹತ್ತು ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ನೀವು ಎರಡು ಬಣ್ಣದ ಚಾಕ್‌ಪೀಸಿನಲ್ಲಿ ಅಷ್ಟೇ ಹೊತ್ತು ಪಾಠ ಮಾಡಿ. ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ಹೃದಯ ಬರೆದು ರಕ್ತ ಹರಿಯುವ ದಾರಿಗೆ ಬಾಣ ಹಾಕಲು ಹೇಳಿ. ವಾರ ಬಿಟ್ಟು, ಮುಂಚಿತವಾಗಿ ತಿಳಿಸದೆ, ಇನ್ನೊಮ್ಮೆ ಬರೆಸಿ. ಹಾಳೆಗಳ ಮೇಲೆ ಹೆಸರಿನ ಬದಲು ನಂಬರ್ ಇರಲಿ, ತಿದ್ದುವ ಕೆಲಸವನ್ನು ಯಾರು ಯಾವ ಗುಂಪೆಂದು ಗೊತ್ತಿಲ್ಲದ ಬೇರೊಬ್ಬ ಶಿಕ್ಷಕರಿಗೆ ಕೊಡಿ. ನಲವತ್ತು ಹಾಳೆಗಳನ್ನೂ ಹಳೆಯ ವಿದ್ಯಾರ್ಥಿಗಳ ಸಂಘದ ಸಭೆಯಲ್ಲಿ ಮೇಜಿನ ಮೇಲೆ ಹರಡಿ, ದುಡ್ಡು ಕೊಟ್ಟವರು ಅವನ್ನು ನೋಡಿಯೇ ತೀರ್ಮಾನಿಸಲಿ.